ಪಕ್ಕದ ಕ್ಲಾಸಿನ ನಗು

ಗಂಡನಿಗೆ ಆ ಕೆಲಸ ಕೊಡಿಸಿದ್ದು ಸ್ವತಃ ಮೇಡಮ್ಮನೇ. ಆಮೇಲೆ ಬೈಯುವುದಕ್ಕೆ ಬೇರೆ ಯಾರೂ ಸಿಗಲಿಲ್ಲ.

ಮೇಡಮ್ಮ ಅನ್ನುವುದು ಅತ್ತೆ ಇಟ್ಟ ಹೆಸರು. ಸೊಸೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಸೇರಿದ ಹೊಸದರಲ್ಲಿ ತಮಾಷೆಗೆ ಕರೆದದ್ದು ಹಾಲಿನವನಿಂದ ಹಿಡಿದು ಎದುರುಮನೆಯವರ ತನಕ ಎಲ್ಲರ ಬಾಯಲ್ಲೂ ನಿಂತುಬಿಟ್ಟಿತ್ತು. ಪಾದ್ರಿಗಳು ನಡೆಸುವ ಕ್ರೈಸ್ತ ವಿಶ್ವವಿದ್ಯಾಲಯ ಅದು. ನಟ್ಟನಡುವೆ ಕಲ್ಲಿನ ಚಾಪೆಲ್, ಅದರ ಸುತ್ತ ಉದ್ದುದ್ದ ವರಾಂಡಗಳು, ವರಾಂಡದ ಕೊನೆಯಲ್ಲಿ ಸಮಾಜಕಾರ್ಯ ವಿಭಾಗ. ಸೊಸೆ ಅಲ್ಲಿ ಏನು ಕಲಿಸುತ್ತಾಳೆ ಎಂದು ಯಾರಾದರೂ ಕೇಳಿದರೆ ಅತ್ತೆ ಹೊಲಿಗೆ ಯಂತ್ರ ನಿಲ್ಲಿಸದೆ ಹೇಳುತ್ತಿದ್ದರು: "ಊರವರ ಮನೆ ಜಗಳ ಬಿಡಿಸೋದು ಹೇಗೆ ಅಂತ ಹುಡುಗರಿಗೆ ಹೇಳ್ಕೊಡ್ತಾಳೆ. ನಮ್ಮನೇದು ನಾವೇ ಬಿಡಿಸ್ಕೋಬೇಕು."

ಗಂಡನೂ ಅದೇ ಓದು ಓದಿದವನು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ಅವಳು ಪಾಠಕ್ಕೆ ಹೋದಳು, ಅವನು ಮಕ್ಕಳ ಆಶ್ರಯ ಮನೆಯೊಂದನ್ನು ನೋಡಿಕೊಳ್ಳಲು ಹೋದ. ಮಗಳು ಹುಟ್ಟುವ ಮೊದಲೇ ಸೇರಿದವನು ಮಗಳು ಕಾಲೇಜು ಹತ್ತುವವರೆಗೂ ಅಲ್ಲೇ ಇದ್ದ. ಕಟ್ಟಡದ ಯಜಮಾನರು ಜಾಗ ಬಿಡಿಸಿಕೊಂಡರು, ಮಕ್ಕಳನ್ನೆಲ್ಲ ಬೇರೆ ಬೇರೆ ಕಡೆಗೆ ಕಳಿಸಿದರು, ಗಂಡ ಒಂದು ಟ್ರಂಕು ಪುಸ್ತಕ ಹೊತ್ತು ಮನೆಗೆ ಬಂದ.

ಮನೆಗೆ ಬಂದವನು ಸುಮ್ಮನೆ ಕೂರಲಿಲ್ಲ, ಅದೇ ತಾಪತ್ರಯ. ಎಂಬತ್ತು ಮಕ್ಕಳ ಅಡುಗೆಮನೆ ನಡೆಸಿದವನಿಗೆ ನಾಲ್ಕು ಜನರ ಅಡುಗೆಮನೆ ಆಟದ ಸಾಮಾನಿನ ಹಾಗೆ ಕಂಡಿತು.

"ಸಕ್ಕರೆ ಡಬ್ಬಿ ಎಲ್ಲಿ ಹೋಯ್ತು?"

"ಎರಡನೇ ಹಲಗೆಗೆ ಹಾಕಿದೀನಿ. ಕೈಗೆ ಬೇಗ ಸಿಗುತ್ತೆ."

"ರೀ, ಇಷ್ಟು ವರ್ಷ ಅದು ಒಲೆ ಪಕ್ಕ ಇತ್ತು. ನನ್ನ ಕೈ ಅಲ್ಲಿಗೇ ಹೋಗುತ್ತೆ."

"ಕೈಗೆ ಹೊಸದಾಗಿ ಹೇಳ್ಕೊಡು. ನೀನು ಟೀಚರಲ್ವಾ?"

ಮಗಳು ಕಿಸಕ್ಕನೆ ನಕ್ಕಳು. ಮೇಡಮ್ಮ ಸಕ್ಕರೆ ಇಲ್ಲದ ಚಹಾ ಕುಡಿದು ಬಸ್ಸು ಹಿಡಿದಳು.

ವಿಭಾಗದಲ್ಲಿ 'ಕುಟುಂಬ ಮತ್ತು ಮಗು' ಪಾಠ ಮಾಡುತ್ತಿದ್ದ ಚಿಕ್ಕ ವಯಸ್ಸಿನ ಟೀಚರು ಹೆರಿಗೆ ರಜೆಗೆ ಹೊರಟಾಗ, ವಿಭಾಗ ನೋಡಿಕೊಳ್ಳುತ್ತಿದ್ದ ಫಾದರ್ ತಲೆ ಮೇಲೆ ಕೈಹೊತ್ತು ಕೂತಿದ್ದರು. "ಒಂದು ಸೆಮಿಸ್ಟರಿಗೆ ಯಾರಾದರೂ ಸಿಕ್ತಾರಾ ಮೇಡಂ?" ಮೇಡಮ್ಮನ ಬಾಯಿಂದ ಮಾತು ಜಾರಿತು: "ನಮ್ಮ ಮನೆಯವರು ಖಾಲಿ ಇದ್ದಾರೆ, ಫಾದರ್."

ಖಾಲಿ ಇದ್ದಾರೆ ಎಂದದ್ದು ಅಡುಗೆಮನೆ ವಾಪಸ್ಸು ಸಿಗಲಿ ಎಂಬ ಆಸೆಗೆ. ಸಿಕ್ಕಿತೂ ಕೂಡ. ಸಕ್ಕರೆ ಡಬ್ಬಿ ಒಲೆ ಪಕ್ಕಕ್ಕೆ ಬಂತು. ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಬೇರೇನೋ ಕೈಬಿಟ್ಟು ಹೋಗುತ್ತಿದೆ ಎಂದು ಅವಳಿಗೆ ಅನ್ನಿಸತೊಡಗಿತು.

ಅವಳ ಕ್ಲಾಸಿಗೂ ಅವನ ಕ್ಲಾಸಿಗೂ ನಡುವೆ ಇದ್ದದ್ದು ಒಂದು ಮರದ ಹಲಗೆಯ ಗೋಡೆ. ಆ ಕಡೆಯಿಂದ ಮೊದಲು ಗಂಡನ ಧ್ವನಿ ತಗ್ಗಿನಲ್ಲಿ ಕೇಳುತ್ತಿತ್ತು, ಆಮೇಲೆ ಒಂದು ಕ್ಷಣ ಸದ್ದಿಲ್ಲ, ಆಮೇಲೆ ಇಡೀ ಕ್ಲಾಸು ಘೊಳ್ಳೆಂದು ನಗುತ್ತಿತ್ತು. ಈ ಕಡೆ ಮೇಡಮ್ಮ ಕಪ್ಪು ಹಲಗೆಯ ಮೇಲೆ ಸಂದರ್ಶನದ ನಿಯಮಗಳನ್ನು ಬರೆಸುತ್ತಿದ್ದಳು. ಅವಳ ವಿದ್ಯಾರ್ಥಿಗಳ ಪೆನ್ನು ನೋಟ್ಸಿನ ಮೇಲೆ, ಕಿವಿ ಗೋಡೆಯ ಮೇಲೆ.

"ಏನು ನಗು ಅದು?" ಎಂದಳು ಒಂದು ದಿನ ಮುಂದಿನ ಬೆಂಚಿನ ಹುಡುಗಿಗೆ. ಎತ್ತರದ ಹುಡುಗಿ, ತರಗತಿಯ ಪ್ರತಿನಿಧಿ.

"ಸರ್ ಆಶ್ರಯ ಮನೆ ಕಥೆ ಹೇಳ್ತಿರ್ತಾರೆ ಮೇಡಂ. ಒಬ್ಬ ಹುಡುಗ ದಿನಾ ರೊಟ್ಟಿ ಕದ್ದು ದಿಂಬಿನ ಒಳಗೆ ಇಡ್ತಿದ್ನಂತೆ. ಸರ್ ಬೈಯೋ ಬದಲು ಅವನಿಗೆ ಒಂದು ದೊಡ್ಡ ದಿಂಬು ಕೊಟ್ರಂತೆ!"

"ಪಾಠ ಯಾವಾಗ ಮಾಡ್ತಾರಂತೆ?"

ಹುಡುಗಿ ಅವಳ ಮುಖ ನೋಡಿದಳು. "ಅದೇ ಪಾಠ ಅಲ್ವಾ ಮೇಡಂ?"

ಕ್ಯಾಂಟೀನಿನವನು ಅವನಿಗಾಗಿ ಒಂದು ಲೋಟ ಚಹಾ ಮುಚ್ಚಿಡತೊಡಗಿದ. ಮೇಡಮ್ಮನ ಚಹಾ ಅಷ್ಟು ವರ್ಷಗಳಲ್ಲಿ ಒಂದು ದಿನವೂ ಯಾರೂ ಮುಚ್ಚಿಟ್ಟಿರಲಿಲ್ಲ. ಸಂಜೆ ಬಸ್‌ ನಿಲ್ದಾಣಕ್ಕೆ ಗಂಡ ಹೆಂಡತಿ ಒಟ್ಟಿಗೆ ಹೊರಟರೆ ಹಿಂದೆ ಮುಂದೆ ನಾಲ್ಕೈದು ಹುಡುಗರು, "ಸರ್, ಒಂದು ಡೌಟು." ಮೇಡಮ್ಮ ತನ್ನ ಎರಡು ಚೀಲ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದಳು. ಅವನ ಚೀಲ ಒಬ್ಬ ಹುಡುಗನ ಹೆಗಲ ಮೇಲಿರುತ್ತಿತ್ತು.

ಮನೆಯಲ್ಲೂ ಹವಾಮಾನ ಬದಲಾಯಿತು. ಮೊದಲೆಲ್ಲ "ಮೇಡಮ್ಮ ಬರಲಿ, ಆಮೇಲೆ ಊಟ" ಎನ್ನುತ್ತಿದ್ದ ಅತ್ತೆ ಈಗ ಮಗ ಚಪ್ಪಲಿ ಬಿಡುವ ಸದ್ದಿಗೆ ತಟ್ಟೆ ಹಾಕುತ್ತಿದ್ದರು. ಬೆಳಿಗ್ಗೆ ಮಗನ ಅಂಗಿಗೆ ಇಸ್ತ್ರಿ ಹಾಕಿ ಕುರ್ಚಿಯ ಬೆನ್ನಿಗೆ ತೊಡಿಸುತ್ತಿದ್ದರು.

"ಅತ್ತೆ, ನನ್ನದೂ ಒಂದು ಇದೆ," ಎಂದು ಮೇಡಮ್ಮ ಒಮ್ಮೆ ತನ್ನ ಬಟ್ಟೆ ಮುಂದಿಟ್ಟಳು.

"ಇಡಮ್ಮ, ಇಡು. ಅವನ ಕಾಲರು ಆಗ್ಲಿ ಮೊದಲು. ಹುಡುಗರ ಮುಂದೆ ನಿಲ್ಲೋನು."

"ನಾನೇನು ಗೋಡೆ ಮುಂದೆ ನಿಲ್ತೀನಾ?"

ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ಏನೇ ಇದು, ಹರಳೆಣ್ಣೆ ಕುಡಿದ ಹಾಗೆ ಮುಖ! ಗಂಡ ನಾಲ್ಕು ಜನರ ಬಾಯಲ್ಲಿ ಒಳ್ಳೆಯವನು ಅನ್ನಿಸ್ಕೊಂಡ್ರೆ ನಿನಗೆ ಖುಷಿ ಇಲ್ವಾ?"

"ಇಲ್ಲ ಅಂದ್ನಾ?"

"ಇದೆ ಅಂತಾನೂ ಅನ್ಲಿಲ್ಲ," ಎಂದು ಅತ್ತೆ ಕಾಲರಿನ ಮೂಲೆಗೆ ಇಸ್ತ್ರಿಪೆಟ್ಟಿಗೆ ಒತ್ತಿದರು.

ಹೊಟ್ಟೆಕಿಚ್ಚಿಗೆ ಬೆಂಕಿ ಬೇಕಾಗುವುದಿಲ್ಲ, ಗಾಳಿ ಇದ್ದರೆ ಸಾಕು. ಆ ಗಾಳಿ ಎಲ್ಲ ಕಡೆಯಿಂದಲೂ ಬೀಸಿತು. ಮೇಡಮ್ಮನ ಕೈಕೆಳಗೆ ಫೀಲ್ಡ್‌ವರ್ಕ್ ಮಾಡುತ್ತಿದ್ದ ಮೂವರು ಬಂದು, ತಮ್ಮನ್ನು ಸರ್ ಗುಂಪಿಗೆ ಹಾಕಬಹುದೇ ಎಂದು ನಯವಾಗಿ ಕೇಳಿದರು. "ನಿಮ್ಮ ಬಗ್ಗೆ ಏನಿಲ್ಲ ಮೇಡಂ, ಸರ್ ಸ್ವಲ್ಪ ಫ್ರೀಯಾಗಿ ಮಾತಾಡ್ತಾರೆ." ಅವಳು ಅವರ ವರದಿಗಳನ್ನು ಸಾಲು ಸಾಲಾಗಿ ತಿದ್ದಿ, ಅಂಚಿನಲ್ಲಿ ಟಿಪ್ಪಣಿ ಬರೆದು ಕೊಡುತ್ತಿದ್ದವಳು. ಅವರು ಕೊಳೆಗೇರಿಯ ಮನೆಗಳಿಗೆ ಹೋದಾಗ ಜೊತೆಗೆ ಹೋಗಿ, ಬಾಗಿಲ ಹೊರಗೆ ನಿಂತು ಕಾದವಳು. "ನೋಡೋಣ," ಎಂದಷ್ಟೇ ಹೇಳಿ ಕಳಿಸಿದಳು. ಅವತ್ತು ಮೂವರ ವರದಿಗೂ ಕೆಂಪು ಶಾಯಿ ಸ್ವಲ್ಪ ಜಾಸ್ತಿಯೇ ಬಿತ್ತು.

ಒಂದು ಶುಕ್ರವಾರ ಬೆಳಗಿನ ಪ್ರಾರ್ಥನೆಯ ನಂತರ ಚಾಪೆಲ್ಲಿನಲ್ಲಿ ಮಾತಾಡಲು ಫಾದರ್ ಗಂಡನನ್ನು ಕರೆದರು. ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಅವನು ಮಾತಾಡಿದ. ಹಿಂದಿನ ಸಾಲಿನ ಹುಡುಗರೂ ಫೋನು ಒಳಗಿಟ್ಟರು. ಹೊರಗೆ ಬಂದಾಗ ಫಾದರ್ ಮೇಡಮ್ಮನ ಕೈ ಕುಲುಕಿದರು. "ಇಂಥವರನ್ನ ಇಷ್ಟು ದಿನ ಮನೆಯಲ್ಲಿ ಬಚ್ಚಿಟ್ಟಿದ್ದೀರಲ್ಲ ಮೇಡಂ! ಮುಂದಿನ ವರ್ಷ ಒಂದು ಖಾಯಂ ಹುದ್ದೆ ಬರ್ತಾ ಇದೆ. ಇವರನ್ನೇ ತಗೊಳ್ಳೋಣ ಅಂತಿದ್ದೀನಿ. ಫೀಲ್ಡ್‌ವರ್ಕ್ ಜವಾಬ್ದಾರಿ ನಿಮ್ಮದು, ನಿಮ್ಮ ಅಭಿಪ್ರಾಯ ಬೇಕು. ಹೆಂಡತಿಯಾಗಿ ಅಲ್ಲ, ಸಹೋದ್ಯೋಗಿಯಾಗಿ ಹೇಳಿ."

"ಯೋಚಿಸಿ ಹೇಳ್ತೀನಿ, ಫಾದರ್."

"ಯೋಚಿಸೋದೇನಿದೆ ಇದರಲ್ಲಿ!" ಎಂದು ನಗುತ್ತ ಹೋದರು.

ಸುದ್ದಿ ಅವಳಿಗಿಂತ ಮುಂಚೆ ಮನೆ ಮುಟ್ಟಿತ್ತು. ಅತ್ತೆ ಕೇಕು ತರಿಸಿದ್ದರು. ಗಂಡ ಮಾತ್ರ ಅವಳ ಮುಖವನ್ನೇ ನೋಡುತ್ತಿದ್ದ. "ನಿನಗೆ ಒಪ್ಪಿಗೆ ತಾನೇ?" ಎಂದು ಕೇಳಿದ. "ನನ್ನ ಒಪ್ಪಿಗೆ ಯಾರಿಗೆ ಬೇಕು," ಎಂದು ಅವಳು ಕೇಕಿನ ತುಂಡನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಅದನ್ನು ಮಗಳು ತಿಂದಳು.

ಮಗಳು ಅದೇ ವಿಶ್ವವಿದ್ಯಾಲಯದಲ್ಲಿ ಗಣಿತ ಓದುತ್ತಿದ್ದಳು. ಕ್ಯಾಂಟೀನಿನಲ್ಲಿ ಕೇಳಿದ್ದನ್ನೆಲ್ಲ ಸಂಜೆ ಊಟದ ಮೇಜಿಗೆ ತಂದು ಸುರಿಯುವುದು ಅವಳ ಅಭ್ಯಾಸ. ಮುಂದಿನ ವಾರ ಒಂದು ಸಂಜೆ ಅತ್ತೆ ಸೂಪು ಬಡಿಸುತ್ತಿದ್ದರು, ಮೇಡಮ್ಮ ಬ್ರೆಡ್ಡು ಕತ್ತರಿಸುತ್ತಿದ್ದಳು.

"ಅಪ್ಪಾ, ಇವತ್ತು ಕ್ಲಾಸಲ್ಲಿ ಎಲ್ಲರನ್ನೂ ಅಳಿಸಿಬಿಟ್ಯಂತೆ? ನನ್ನ ಫ್ರೆಂಡು ಬಂದು ಹೇಳಿದಳು, ಅವಳ ಕಣ್ಣಲ್ಲಿ ಇನ್ನೂ ನೀರಿತ್ತು."

"ಊಟ ಮಾಡು ನೀನು," ಎಂದ ಗಂಡ ತಟ್ಟೆ ನೋಡುತ್ತ.

"ಅಜ್ಜಿ, ನೀನು ಕೇಳು. ಒಬ್ಬಳು ಬಾಣಂತಿ. ಚೆನ್ನಾಗಿ ಓದಿದೋಳು, ಮಗು ಸಾಕೋದರ ಬಗ್ಗೆ ಪುಸ್ತಕ ಎಲ್ಲ ಬಾಯಿಪಾಠ. ಆದ್ರೆ ಅವಳಿಗೆ ತನ್ನ ಮಗೂನ ಎತ್ಕೊಳ್ಳೋಕೇ ಆಗ್ತಿರ್ಲಿಲ್ವಂತೆ. ಒಂದು ಮಧ್ಯಾಹ್ನ ಮಗೂನ ಬಟ್ಟೆ ಬುಟ್ಟಿಯಲ್ಲಿ ಮಲಗಿಸಿ, ಬಾಗಿಲು ಎಳ್ಕೊಂಡು, ಸಿಕ್ಕಿದ ಬಸ್ಸು ಹತ್ತಿ ಹೊರಟುಹೋದಳಂತೆ!"

ಅತ್ತೆಯ ಸೌಟು ಪಾತ್ರೆಯ ಮೇಲೆ ಹಾಗೇ ನಿಂತಿತು. ಮೇಡಮ್ಮನ ಚಾಕು ಬ್ರೆಡ್ಡಿನ ಅರ್ಧಕ್ಕೆ ನಿಂತಿತು.

"ಆಮೇಲೆ ಸಂಜೆ ವಾಪಸ್ಸು ಬಂದಳಂತೆ. ಆದ್ರೂ ಎಷ್ಟೋ ತಿಂಗಳು ಮಗೂನ ಮುಟ್ಲಿಲ್ವಂತೆ, ಅತ್ತೇನೇ ಸಾಕಿದ್ದಂತೆ. ಅವಳನ್ನ ಯಾರೂ ಒಂದು ಮಾತು ಬೈಲಿಲ್ವಂತೆ. ಅಪ್ಪಾ, ಇದು ನಿಜವಾಗ್ಲೂ ನಡೆದಿದ್ದಾ? ಆ ಮಗು ಈಗ ಎಲ್ಲಿದೆ?"

ಗಂಡ ಉಪ್ಪಿನ ಡಬ್ಬಿಯನ್ನು ಆಚೆ ಸರಿಸಿದ.

"ನನಗಂತೂ ಅಂಥ ತಾಯಿ ಬೇಡಪ್ಪ," ಎಂದಳು ಮಗಳು, ಸೂಪಿಗೆ ಮೆಣಸಿನಪುಡಿ ಉದುರಿಸುತ್ತ. "ಪಾಪ ಆ ಅಜ್ಜಿ."

"ಸಾಕು, ಸೂಪು ಆರ್ತಿದೆ," ಎಂದರು ಅತ್ತೆ. ಅವರ ಧ್ವನಿ ಗಡಸಾಗಿತ್ತು. ಮೇಡಮ್ಮ ಬ್ರೆಡ್ಡು ಪೂರ್ತಿ ಕತ್ತರಿಸಿದಳು, ಒಂದೊಂದು ತುಂಡನ್ನೂ ಎಲ್ಲರ ತಟ್ಟೆಗೆ ಇಟ್ಟಳು, ತಾನೂ ಕೂತು ಉಂಡಳು.

ಜಗಳ ನಡೆದದ್ದು ಮರುದಿನ ಬೆಳಿಗ್ಗೆ, ಮಹಡಿಯ ಮೇಲೆ, ಒಗೆದ ಚಾದರಗಳ ನಡುವೆ.

"ಹೆಸರು ಹೇಳ್ಲಿಲ್ಲ ನಾನು."

"ಹೆಸರು ಹೇಳ್ಬೇಕಿತ್ತಾ? ಬುಟ್ಟೀನೂ ಹೇಳಿದ್ರಿ, ಬಸ್ಸೂ ಹೇಳಿದ್ರಿ! ಈ ಮನೇಲಿ ಮೂರು ಜನಕ್ಕೆ ಗೊತ್ತಿದ್ದ ವಿಷಯ ಅದು. ಈಗ ಒಂದು ಕ್ಲಾಸಿಗೇ ಗೊತ್ತು. ನನ್ನ ಮಗಳು ನನ್ನ ಮುಂದೇನೇ ಕೂತು ಅಂಥ ತಾಯಿ ಬೇಡ ಅಂದಳು!"

"ಅವಳಿಗೆ ಗೊತ್ತಿಲ್ವಲ್ಲೇ."

"ನನಗೆ ಗೊತ್ತಲ್ಲ!"

ಅವನು ಒಂದು ಚಾದರದ ತುದಿ ಹಿಡಿದು ನಿಂತಿದ್ದ. "ಆ ಹುಡುಗರು ನಾಳೆ ಇಂಥ ತಾಯಂದಿರ ಮನೆಗೆ ಹೋಗ್ತಾರೆ. ಅವಳು ಕೆಟ್ಟವಳು ಅಂತ ಬರೀಬಾರದು ಅವರು. ಅದಕ್ಕೆ ಹೇಳಿದೆ. ಅದು ಹೇಳೋವಾಗ ನನಗೆ ನಿನ್ನ ಮೇಲೆ ಎಷ್ಟು ಗೌರವ..."

"ಗೌರವ ಅಲ್ಲ, ಚಪ್ಪಾಳೆ! ದಿಂಬಿನ ಕಥೆ ಮುಗೀತು, ಆಶ್ರಯ ಮನೆ ಕಥೆಗಳೆಲ್ಲ ಮುಗೀತು, ನನ್ನನ್ನ ತೆಗೆದ್ರಿ." ಅವಳು ಕ್ಲಿಪ್ಪನ್ನು ಹಗ್ಗಕ್ಕೆ ಜೋರಾಗಿ ಕಚ್ಚಿಸಿದಳು. "ಒಬ್ಬರು ನಂಬಿ ಹೇಳಿದ್ದನ್ನ ಹೊರಗೆ ಆಡಬಾರದು. ನಾನು ಮೊದಲನೇ ದಿನ ಕಲಿಸೋ ಪಾಠ ಅದು."

"ತಪ್ಪಾಯ್ತು," ಎಂದ ಅವನು. ಚಾದರದ ತುದಿಯನ್ನು ಹಗ್ಗಕ್ಕೆ ಎಳೆದು, "ಆದ್ರೆ ಸಿಟ್ಟು ಅದಕ್ಕೊಂದಕ್ಕೇ ಅಲ್ಲ, ಅಲ್ವಾ?" ಎಂದ.

ಅವಳು ಖಾಲಿ ಬಕೆಟ್ಟು ಎತ್ತಿಕೊಂಡು ಕೆಳಗಿಳಿದಳು.

ಸೋಮವಾರ ಫಾದರ್ ಕೋಣೆಗೆ ಹೋದಳು. ಮೇಜಿನ ಮೇಲೆ ಹೂವಿಲ್ಲದ ಹೂದಾನಿ, ಗೋಡೆಯ ಮೇಲೆ ಶಿಲುಬೆ, ಫಾದರ್ ಕೈಯಲ್ಲಿ ಬಿಸ್ಕತ್ತಿನ ಡಬ್ಬಿ. "ಬನ್ನಿ ಮೇಡಂ, ಸಿಹಿ ಸುದ್ದಿಗೆ ಬಿಸ್ಕತ್ತು."

"ಅವರನ್ನ ತಗೋಬೇಡಿ, ಫಾದರ್."

ಡಬ್ಬಿಯ ಮುಚ್ಚಳ ಅರ್ಧ ತೆರೆದಂತೆಯೇ ಉಳಿಯಿತು.

"ಗುಟ್ಟಾಗಿ ಇಡಬೇಕಾದ ಕೇಸನ್ನ ಕ್ಲಾಸಿನಲ್ಲಿ ಹೇಳಿದ್ದಾರೆ. ಹೆಸರಿಲ್ಲ, ಆದ್ರೆ ಗುರುತು ಸಿಗೋ ಹಾಗೆ ಹೇಳಿದ್ದಾರೆ. ಆ ಹೆಂಗಸನ್ನ ಒಂದು ಮಾತೂ ಕೇಳದೆ."

"ಯಾರ ಕೇಸು?"

"ಅದನ್ನ ನಾನು ಹೇಳಿದ್ರೆ ನಾನೂ ಅದೇ ತಪ್ಪು ಮಾಡಿದ ಹಾಗೆ."

ಉತ್ತರ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಅವಳಿಗೇ ಒಳಗೊಳಗೆ ಹೆಮ್ಮೆಯಾಯಿತು. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ವರಾಂಡದಲ್ಲಿ ನಡೆದು ಬರುವಾಗ ಹೆಜ್ಜೆ ಹಗುರವಾಗಿತ್ತು, ಬಹಳ ದಿನಗಳಿಂದ ಹಾಗೆ ನಡೆದಿರಲಿಲ್ಲ ಅವಳು. ಅವತ್ತು ಕ್ಲಾಸಿನಲ್ಲಿ ಒಂದು ತಮಾಷೆಯನ್ನೂ ಮಾಡಿದಳು. ಎರಡು ಮೂರು ಜನ ನಕ್ಕರು.

ಮಾರನೆಯ ದಿನವೇ ಫಾದರ್ ಗಂಡನನ್ನು ಕರೆಸಿದರು. ಸಂಜೆ ಅವನು ಮನೆಗೆ ಬಂದು ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕಿ, "ಅಮ್ಮಾ, ಆ ಹುದ್ದೆ ಇಲ್ವಂತೆ. ಈ ಸೆಮಿಸ್ಟರಿಗೇ ಮುಗೀತು," ಎಂದ.

"ಯಾಕೋ? ಅಷ್ಟು ಹೊಗಳಿದ್ರು?"

"ನನ್ನದೇ ಒಂದು ತಪ್ಪಿತ್ತು ಬಿಡಮ್ಮ." ಹೆಂಡತಿಯ ಕಡೆ ಅವನು ತಿರುಗಿಯೂ ನೋಡಲಿಲ್ಲ. ಅಡುಗೆಮನೆಗೆ ಹೋಗಿ ಆಲೂಗಡ್ಡೆಯ ಬುಟ್ಟಿ ಎಳೆದುಕೊಂಡು ಸಿಪ್ಪೆ ತೆಗೆಯುತ್ತ ಕೂತ. ಅತ್ತೆ ಅವತ್ತು ಹೊಲಿಗೆ ಯಂತ್ರ ಮುಟ್ಟಲಿಲ್ಲ.

ಗೆದ್ದವಳಿಗೆ ಊಟ ರುಚಿಸಬೇಕಿತ್ತು. ಮನೆಯಲ್ಲಿ ಎಲ್ಲರೂ "ಉಪ್ಪು ಕೊಡು", "ನೀರು ಕೊಡು" ಎಂಬಷ್ಟಕ್ಕೆ ಬಾಯಿ ತೆರೆಯುತ್ತಿದ್ದರು. ಎರಡು ದಿನ ಬಿಟ್ಟು ಚಾಪೆಲ್ ಪಕ್ಕದ ದಾರಿಯಲ್ಲಿ ಫಾದರ್ ಸಿಕ್ಕರು. ಸುತ್ತ ಯಾರೂ ಇಲ್ಲದ್ದು ನೋಡಿ ದನಿ ತಗ್ಗಿಸಿದರು.

"ನಿಮ್ಮವರು ಎಲ್ಲ ಹೇಳಿದ್ರು ಮೇಡಂ. ಅದು ನಿಮ್ಮ ಮನೆಯದೇ ಕಥೆ ಅಂತ. ಮಗೂನ ಬಿಟ್ಟು ಬಸ್ಸು ಹತ್ತಿದ್ದು ತಾನೇ ಅಂತ. ನಾಚಿಕೆಗೆ ಕ್ಲಾಸಿನಲ್ಲಿ ತಾಯಿ ಅಂತ ಬದಲಾಯಿಸಿ ಹೇಳಿದ್ರಂತೆ. ಪಾಪ, ಹಸಿ ಬಾಣಂತಿ ನೀವು, ಆಗ ಎಷ್ಟು ನೊಂದಿರಬೇಕು! ಇಷ್ಟು ವರ್ಷ ತುಟಿ ಪಿಟಕ್ಕೆನ್ನದೆ ಸಂಸಾರ ಮಾಡಿದ್ದೀರಲ್ಲ."

ಮೇಡಮ್ಮ ಬಾಯಿ ತೆರೆದಳು. ಫಾದರ್ ಅವಳ ಮೌನವನ್ನು ದುಃಖ ಎಂದುಕೊಂಡು ಹೆಗಲು ತಟ್ಟಿ ಹೋದರು. ಅವಳು ಕಲ್ಲಿನ ಕಟ್ಟೆಯ ಮೇಲೆ ಕೂತಳು. ಮೈಮೇಲೆ ಯಾರೋ ಬೇರೆಯವರ ಕೋಟು ಹೊದಿಸಿ ಹೋದ ಹಾಗಾಗಿತ್ತು. ಬಿಚ್ಚಿ ಕೊಡೋಣವೆಂದರೆ ಕೊಟ್ಟವರು ಅಲ್ಲಿರಲಿಲ್ಲ.

ಮನೆಗೆ ಬರುವಷ್ಟರಲ್ಲಿ ಮಗಳು ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ಅಪ್ಪನ ಕೆಲಸ ತೆಗೆಸಿದ್ದು ನೀನಾ?"

"ಯಾರು ಹೇಳಿದ್ರು?"

"ಕ್ಯಾಂಟೀನಿನಲ್ಲಿ ಎಲ್ಲರೂ ಹೇಳ್ತಿದ್ದಾರೆ! ಫಾದರ್ ಕೋಣೆಗೆ ನೀನು ಹೋದೆ, ಮಾರನೇ ದಿನವೇ ಅಪ್ಪನ್ನ ಕರೆಸಿದ್ರು. ಯಾಕಮ್ಮಾ? ಅಪ್ಪ ನಿನಗಿಂತ ಚೆನ್ನಾಗಿ ಪಾಠ ಮಾಡ್ತಾರೆ ಅಂತಾನಾ?"

"ಕೂಸೇ, ಬಾಯಿ ಮುಚ್ಚು," ಎಂದರು ಅತ್ತೆ ಒಳಗಿಂದ.

"ಯಾಕೆ ಮುಚ್ಬೇಕು ಅಜ್ಜಿ? ಹೊಟ್ಟೆಕಿಚ್ಚು ಇವಳಿಗೆ! ಅಪ್ಪ ಮನೇಲಿ ಆಲೂಗಡ್ಡೆ ಸುಲೀತಾ ಕೂತಿದ್ರೆ ಇವಳಿಗೆ ಸಮಾಧಾನ!"

ಗಂಡ ಅಡುಗೆಮನೆಯಿಂದ ಓಡಿ ಬಂದ. "ಏಯ್, ಅಮ್ಮನಿಗೆ ಹಾಗೆಲ್ಲ ಅನ್ನಬಾರದು. ಹೇಳಿದ್ನಲ್ಲ, ತಪ್ಪು ನನ್ನದು..."

"ನೀವು ಸುಮ್ನಿರಿ," ಎಂದಳು ಮೇಡಮ್ಮ. ಚೀಲವನ್ನು ನೆಲಕ್ಕಿಟ್ಟಳು. "ಎಲ್ಲಾನೂ ನಿಮ್ಮ ತಲೆ ಮೇಲೆ ಹಾಕ್ಕೊಂಡು ದೊಡ್ಡವರಾಗಬೇಡಿ. ಅದೂ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ." ಆಮೇಲೆ ಮಗಳ ಕಡೆ ತಿರುಗಿದಳು. "ಹೌದು, ಹೊಟ್ಟೆಕಿಚ್ಚು. ನೀನು ಹೇಳಿದ್ದು ನಿಜ. ಆದ್ರೆ ಇನ್ನೊಂದೂ ಇದೆ. ಅವತ್ತು ಊಟಕ್ಕೆ ಕೂತಾಗ ಒಂದು ಕಥೆ ಹೇಳಿದೆಯಲ್ಲ, ಬುಟ್ಟಿಯಲ್ಲಿ ಮಗು ಬಿಟ್ಟು ಹೋದೋಳ ಕಥೆ. ಅವಳು ನಾನು. ಮಗು ನೀನು."

ಮಗಳು ಅಪ್ಪನನ್ನು ನೋಡಿದಳು. ಅಪ್ಪ ಕೈಯಲ್ಲಿದ್ದ ಸಿಪ್ಪೆ ನೋಡಿದ. ಅಜ್ಜಿಯನ್ನು ನೋಡಿದಳು. ಅಜ್ಜಿ ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದರು. ಹುಡುಗಿ ಅಜ್ಜಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೇಡಮ್ಮ ಮಾರನೆಯ ದಿನ ಮೊದಲ ಗಂಟೆಗೆ ಫಾದರ್ ಮುಂದೆ ನಿಂತಳು. ಕೂರಿ ಎಂದರೂ ಕೂರಲಿಲ್ಲ.

"ಬಸ್ಸು ಹತ್ತಿದ್ದು ನಾನು, ಫಾದರ್. ಅವರಲ್ಲ. ನನ್ನ ಹೆಸರು ಕೆಡದಿರಲಿ ಅಂತ ಸುಳ್ಳು ಹೇಳಿದ್ದಾರೆ."

ಫಾದರ್ ಬಹಳ ಹೊತ್ತು ಹೂದಾನಿಯನ್ನು ಅತ್ತಿತ್ತ ತಿರುಗಿಸಿದರು. "ಹಾಗಾದ್ರೆ ನೀವು ಕೊಟ್ಟ ದೂರು?"

"ದೂರು ನಿಜಾನೇ. ಅವರು ಹಾಗೆ ಹೇಳಬಾರದಿತ್ತು. ಆದ್ರೆ ಅದು ಸಿಗೋ ಮುಂಚೇನೇ ನಾನು ಒಂದು ದೂರು ಹುಡುಕ್ತಾ ಇದ್ದೆ. ಅದನ್ನೂ ನಿಮಗೆ ಹೇಳಬೇಕಿತ್ತು."

"ನೀವು ನೊಂದವರು, ಅದು ಬೇರೆ. ಆದರೆ ಹುದ್ದೆಗೆ ಬೇರೆಯವರಿಗೆ ಮಾತು ಕೊಟ್ಟಾಗಿದೆ ಮೇಡಂ," ಎಂದರು ಫಾದರ್ ನಿಧಾನವಾಗಿ. "ಕೊಡದಿದ್ದರೂ ನನ್ನ ತೀರ್ಮಾನ ಇದೇ ಆಗ್ತಿತ್ತೋ ಏನೋ. ಮನೆಗೆ ಹೋಗಿ. ಇವತ್ತು ಕ್ಲಾಸು ಬೇಡ."

ಅವಳು ಮನೆಗೆ ಹೋಗಲಿಲ್ಲ, ಕ್ಲಾಸಿಗೆ ಹೋದಳು. ಸರ್ ಗುಂಪಿಗೆ ಹೋಗಬೇಕೆಂದಿದ್ದ ಮೂವರನ್ನೂ ಕರೆದು, ಕೆಂಪು ಶಾಯಿಯ ವರದಿಗಳನ್ನು ವಾಪಸ್ಸು ತೆಗೆದುಕೊಂಡು, "ಇದನ್ನ ನಾನು ಸಿಟ್ಟಿನಲ್ಲಿ ತಿದ್ದಿದೀನಿ, ಮತ್ತೆ ನೋಡಿ ಕೊಡ್ತೀನಿ. ಸರ್ ಇರೋವರೆಗೂ ಅವರ ಹತ್ರ ಕಲೀರಿ," ಎಂದಳು.

ಸಂಜೆ ಅಡುಗೆಮನೆಯಲ್ಲಿ ಗಂಡನ ಎದುರು ಕೂತು ಇನ್ನೊಂದು ಚಾಕು ತೆಗೆದುಕೊಂಡಳು. ಇಬ್ಬರೂ ಒಂದೇ ಬುಟ್ಟಿಯಿಂದ ಆಲೂಗಡ್ಡೆ ಎತ್ತಿಕೊಳ್ಳುತ್ತಿದ್ದರು.

"ಯಾಕೆ ಹಾಗೆ ಸುಳ್ಳು ಹೇಳಿದ್ರಿ?"

"ಒಂದು ಸಲ ನಿನ್ನ ಗುಟ್ಟು ಹೊರಗೆ ಹಾಕಿದ್ದೆ. ಎರಡನೇ ಸಲಾನೂ ಹಾಕ್ಲಾ?" ಅವನು ಒಂದು ಆಲೂಗಡ್ಡೆ ಪೂರ್ತಿ ಸುಲಿದು ನೀರಿಗೆ ಹಾಕಿದ. "ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡ. ಅದು ಯಾರೋ ಬೇರೆ ಹೆಂಗಸಿನ ಕಥೆ ಆಗಿದ್ರೆ, ನನ್ನ ಮೇಲೆ ದೂರು ಕೊಡ್ತಿದ್ಯಾ?"

ಅವಳು ಸುಳ್ಳು ಹೇಳಬಹುದಿತ್ತು.

"ಕೊಡ್ತಿದ್ದೆ. ಆದ್ರೆ ಇಷ್ಟು ಖುಷಿಯಿಂದ ಅಲ್ಲ."

ಗಂಡ ಅವಳನ್ನೇ ನೋಡಿದ. ನಗಬೇಕೋ ಎದ್ದು ಹೋಗಬೇಕೋ ಎಂದು ಅವನಿಗೆ ತಿಳಿಯದ ಹಾಗಿತ್ತು. ಕೊನೆಗೆ ಎರಡನ್ನೂ ಮಾಡಲಿಲ್ಲ. "ಇದು ಹಸಿರು ತಿರುಗಿದೆ, ಎಸಿ," ಎಂದು ಅವಳ ಕೈಯಲ್ಲಿದ್ದ ಆಲೂಗಡ್ಡೆ ತೋರಿಸಿದ.

ಸೆಮಿಸ್ಟರು ಮುಗಿಯುವ ಹೊತ್ತಿಗೆ ಅವನಿಗೆ ಊರಾಚೆಯ ವಸತಿ ಶಾಲೆಯಲ್ಲಿ ವಾರ್ಡನ್ ಕೆಲಸ ಸಿಕ್ಕಿತು. ಪಾಠ ಹೇಳುವ ಕೆಲಸವಲ್ಲ. ಮಕ್ಕಳನ್ನು ಎಬ್ಬಿಸುವುದು, ಉಣ್ಣಿಸುವುದು, ಜ್ವರ ಬಂದರೆ ಪಕ್ಕದಲ್ಲಿ ಕೂರುವುದು. "ಅದೇ ನನಗೆ ಬರೋದು," ಎಂದ ತಾಯಿಯ ಮುಂದೆ. ಅತ್ತೆ ಸೊಸೆಯನ್ನು ಪೂರ್ತಿ ಕ್ಷಮಿಸಲಿಲ್ಲ. ಆದರೆ ಒಂದು ಬೆಳಿಗ್ಗೆ, "ಆ ಕಾಲದಲ್ಲಿ ನೀನು ಒಬ್ಬಳೇ ಅಳ್ತಿದ್ದೆ, ನಾನು ಮಗು ನೋಡ್ಕೊಂಡೆ, ನಿನ್ನನ್ನ ನೋಡ್ಲಿಲ್ಲ," ಎಂದು ಯಾರಿಗೋ ಹೇಳುವಂತೆ ಹೇಳಿ ಸೂಜಿಗೆ ದಾರ ಪೋಣಿಸತೊಡಗಿದರು. ಮೇಡಮ್ಮ ಕನ್ನಡಕ ತಂದು ಕೊಟ್ಟಳು.

ಮಗಳು ಮಾತ್ರ ಅಮ್ಮನ ಹತ್ತಿರ ಸುಳಿಯುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಮೇಡಮ್ಮ ಬೆನ್ನು ಹತ್ತಲಿಲ್ಲ. ತಾನು ಕಲಿಸುವ ಪಾಠದಲ್ಲಿ ಇದಕ್ಕೆ ಏನೇನೋ ಉಪಾಯಗಳಿದ್ದವು, ಒಂದನ್ನೂ ಪ್ರಯೋಗಿಸಲು ಅವಳಿಗೆ ಧೈರ್ಯವಿರಲಿಲ್ಲ.

ಒಂದು ಭಾನುವಾರ ಬಿಸಿಲು ಇಳಿಯುವ ಹೊತ್ತು ಅವಳು ಹಿತ್ತಲ ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದಳು. ಮಗಳು ಬಂದು ಎರಡು ಮೆಟ್ಟಿಲು ಮೇಲೆ ಕೂತಳು.

"ಬಸ್ಸಲ್ಲಿ ಎಲ್ಲಿಗೆ ಹೋದೆ?"

ಮೇಡಮ್ಮನ ಕೈ ನಿಂತಿತು. "ಕೊನೇ ಸ್ಟಾಪಿನವರೆಗೂ."

"ಆಮೇಲೆ?"

"ಇಳೀಲಿಲ್ಲ. ಕಂಡಕ್ಟರು ಇಳೀರಿ ಅಂದ. ನನಗೆ ಏಳೋಕೆ ಆಗ್ಲಿಲ್ಲ. ಎದೆ ಹಾಲು ಸುರಿದು ಕುಪ್ಪಸ ಎಲ್ಲ ನೆನೆದುಹೋಗಿತ್ತು. ನಾಚಿಕೆ. ಪಕ್ಕದಲ್ಲಿ ಒಬ್ಬಳು ಮೀನು ಮಾರೋಳು ಕೂತಿದ್ದಳು, ಖಾಲಿ ಬುಟ್ಟಿ ಇಟ್ಕೊಂಡು. ಅವಳು ತನ್ನ ಶಾಲು ತೆಗೆದು ನನಗೆ ಹೊದಿಸಿದಳು. ಬೈಲಿಲ್ಲ, ಬುದ್ಧಿ ಹೇಳ್ಲಿಲ್ಲ. ಮಗು ಗಂಡಾ ಹೆಣ್ಣಾ ಅಂತ ಕೇಳಿದಳು. ಹೆಣ್ಣು ಅಂದೆ. ಯಾರ ಹಾಗಿದೆ ಅಂದಳು. ಗೊತ್ತಿಲ್ಲ, ಸರಿಯಾಗಿ ನೋಡಿಲ್ಲ ಅಂದೆ. ಹಾಗಾದ್ರೆ ಹೋಗಿ ನೋಡು ಅಂದಳು. ಅದೇ ಬಸ್ಸಲ್ಲಿ ವಾಪಸ್ಸು ಬಂದೆ."

"ಬಂದು ನೋಡಿದ್ಯಾ?"

"ನೋಡಿದೆ. ಎತ್ಕೊಳ್ಳೋಕೆ ಇನ್ನೂ ಬಹಳ ದಿನ ಬೇಕಾಯ್ತು. ಆದ್ರೆ ನೋಡಿದೆ. ನಿನ್ನ ಹಣೆ ನನ್ನ ಹಾಗೇ ಇತ್ತು."

ಮಗಳು ಕೈಯಿಂದ ಹಣೆ ಮುಟ್ಟಿಕೊಂಡಳು. ಆಮೇಲೆ ಎರಡು ಮೆಟ್ಟಿಲು ಇಳಿದು ಅಮ್ಮನ ಪಕ್ಕಕ್ಕೆ ಬಂದಳು.

"ಮೀನಿನವಳ ವಿಷಯ ಅಪ್ಪನ ಕಥೇಲಿ ಇರ್ಲಿಲ್ಲ."

"ಅಪ್ಪನಿಗೆ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ ನಾನು."

ಇಷ್ಟರಲ್ಲಿ ಗಂಡ ಹಿತ್ತಲ ಬಾಗಿಲಿಗೆ ಬಂದ, ಹೆಗಲ ಮೇಲೆ ಪಾತ್ರೆ ಒರೆಸುವ ಬಟ್ಟೆ. "ಏನು ಮಾತಾಡ್ತಿದ್ದೀರಿ ಅಮ್ಮ ಮಗಳು?"

"ಏನಿಲ್ಲ," ಎಂದರು ಇಬ್ಬರೂ ಒಟ್ಟಿಗೆ.

ಅವನು ಒಂದು ಗಳಿಗೆ ನಿಂತ. "ಸರಿ," ಎಂದು ಒಳಗೆ ತಿರುಗಿದ. ಆ "ಸರಿ" ಮೇಡಮ್ಮನ ಕಿವಿಗೆ ಸಿಹಿಯಾಗಿತ್ತು. ಅವನಿಗಿಲ್ಲದ್ದು ತನ್ನ ಹತ್ತಿರ ಒಂದಿತ್ತು, ಅದನ್ನು ಕೇಳಿದ್ದು ಮಗಳೊಬ್ಬಳೇ. ಆ ಸಿಹಿಯನ್ನು ಅವಳು ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಂಡಳು. ಆಮೇಲೆ ಬ್ರಷ್ಷು ಕೆಳಗಿಟ್ಟು ಕೂಗಿದಳು:

"ರೀ, ಬನ್ನಿ ಇಲ್ಲಿ. ನಿಮಗೂ ಒಂದು ಹೇಳೋದಿದೆ."

"ಅಮ್ಮಾ!" ಮಗಳು ಅವಳ ತೋಳು ಹಿಡಿದೆಳೆದಳು. "ಇದು ನನಗೆ ಮಾತ್ರ ಹೇಳಿದ್ದು ಅಂದ್ಕೊಂಡಿದ್ದೆ."

"ಹೊಟ್ಟೆಕಿಚ್ಚಾ?"

"ಹೂಂ," ಎಂದಳು ಮಗಳು ಮುಖ ಊದಿಸಿಕೊಂಡು. ಆದರೂ ಅಪ್ಪನಿಗೆ ಜಾಗವಾಗಲೆಂದು ಅಮ್ಮನಿಗೆ ಒತ್ತಿಕೊಂಡು ಸರಿದು ಕೂತಳು.